ನೆಲಕ್ಕಿಳಿದ ತಂತಿ

"ಗುರುಗಳೇ, ಉಗ್ರಾಣದಲ್ಲಿ ತುಪ್ಪ ಕಡಿಮೆಯಾಗುತ್ತಿದೆ. ಹೊಸ ಅಡುಗೆಯವನ ಮೇಲೆ ನನಗೆ ಅನುಮಾನ. ಅವನನ್ನು ಕಳಿಸಿಬಿಡಲೇ?" ಎಂದು ಉಗ್ರಾಣ ನೋಡಿಕೊಳ್ಳುವ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಎಂಜಿನಿಯರ್ ಇದ್ದ. ಬಿಸಿಲಿನ ಕರೆಂಟನ್ನು ಬೀದಿಯ ಲೈನಿಗೆ ಸೇರಿಸುವ ಇನ್ವರ್ಟರ್ ಮಾಡುವುದು ಅವನ ಕೆಲಸ. ಬೇರೆಯವರ ಯಂತ್ರದಲ್ಲಿ ತಾರಸಿಯ ಸೌರ ಫಲಕಗಳಿಗೂ ಲೈನಿಗೂ ನಡುವೆ ಗೋಡೆಯಂತೆ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. ಅದು ಬಲು ಭಾರ, ಸಾಲದ್ದಕ್ಕೆ ಕರೆಂಟನ್ನೂ ತಿನ್ನುತ್ತಿತ್ತು. ಇವನು ಅದನ್ನು ಕಿತ್ತುಹಾಕಿದ. ಅದರ ಬದಲು ವೋಲ್ಟೇಜನ್ನು ಒಂದೇ ಏಟಿಗೆ ಏರಿಸದೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸಿದ. ಗೋಡೆ ಹೋದ ಮೇಲೆ ಕಾವಲು ಬೇಕಲ್ಲ? ಕರೆಂಟು ಸೋರಿದರೆ ಯಂತ್ರ ತಾನಾಗಿ ನಿಲ್ಲುತ್ತಿತ್ತು. ಬೆಳಗ್ಗೆ ಲೈನಿಗೆ ಸೇರುವ ಮೊದಲು ತನ್ನನ್ನೇ ಒಮ್ಮೆ ಪರೀಕ್ಷಿಸಿಕೊಳ್ಳುತ್ತಿತ್ತು. ದಾರಿ ತಪ್ಪಿದ ಕರೆಂಟು ಮನುಷ್ಯರ ಮೈಗೆ ಹೋಗದೆ ಮಣ್ಣಿಗೆ ಹೋಗಲಿ ಎಂದು ಫಲಕಗಳ ಚೌಕಟ್ಟಿನಿಂದ ನೆಲಕ್ಕೆ ಒಂದು ತಂತಿಯನ್ನೂ ಇಳಿಸಿದ್ದ.

ಒಬ್ಬ ಗಿರಣಿ ಮಾಲೀಕ ಅದನ್ನು ಹಾಕಿಸಿಕೊಂಡ. ತನ್ನ ನೆರಳನ್ನೂ ನಂಬದ ಆಸಾಮಿ. ಕೆಲವು ತಿಂಗಳು ಎಲ್ಲ ಸರಿಯಿತ್ತು. ಆಮೇಲೆ ಯಂತ್ರ ದಿನವೂ ಬೆಳಗ್ಗೆ ಶುರುವಾಗಿ ಸ್ವಲ್ಪ ಹೊತ್ತಿಗೇ ನಿಲ್ಲತೊಡಗಿತು.

ಮಾಲೀಕ ಎಂಜಿನಿಯರನನ್ನು ಕರೆಸಿದ. "ನಿಮ್ಮ ಯಂತ್ರ ಕಳ್ಳ ಕಣ್ರೀ. ಒಳ್ಳೆ ಬಿಸಿಲಿರೋವಾಗ್ಲೇ ಮಲಗುತ್ತೆ. ಆ ಕಾವಲು ತೆಗೀರಿ, ಇಲ್ಲಾಂದ್ರೆ ಯಂತ್ರಾನೇ ಹೊತ್ಕೊಂಡು ಹೋಗಿ."

ಎಂಜಿನಿಯರನಿಗೆ ಮಾಲೀಕನ ಮೇಲೆಯೇ ಗುಮಾನಿ. ಎಲ್ಲೋ ಕದ್ದು ವೈರು ಎಳೆದಿದ್ದಾನೆ ಎಂದುಕೊಂಡ. ಮರುದಿನ ಬೆಳಗ್ಗೆ ಇಬ್ಬರೂ ಯಂತ್ರದ ಮುಂದೆ ಕುಳಿತರು. ಒಬ್ಬರ ಮೇಲೊಬ್ಬರು ಇಟ್ಟ ಕಣ್ಣು ತೆಗೆಯಲಿಲ್ಲ. ಕೂತಂತೆಯೇ ಯಂತ್ರ ನಿಂತಿತು. ಎಂಜಿನಿಯರನಿಗೂ ರೇಗಿತು. ತನ್ನ ವೋಲ್ಟೇಜಿನ ಮೆಟ್ಟಿಲುಗಳಲ್ಲಿ ತಪ್ಪಿರಲು ಸಾಧ್ಯವೇ ಇಲ್ಲ, ಕಾವಲಿಗೇ ತಲೆ ಕೆಟ್ಟಿರಬೇಕು ಎಂದು ಅದನ್ನು ತೆಗೆಯಲು ಸ್ಕ್ರೂಡ್ರೈವರ್ ಹಿಡಿದ.

ಅಷ್ಟರಲ್ಲಿ ತಾರಸಿಯಿಂದ ಮಾಲೀಕನ ಹೆಂಡತಿ ಕೂಗಿದಳು. "ರೀ, ಇವತ್ತೂ ಫಲಕ ಒರೆಸೋಕೆ ಕೈ ಇಟ್ಟೆ, ಜುಮ್ ಅಂತು. ಆಮೇಲೆ ಏನೂ ಇಲ್ಲ."

ಎಂಜಿನಿಯರ್ ಸ್ಕ್ರೂಡ್ರೈವರ್ ಎಸೆದ. ಮೇಲಕ್ಕೆ ಓಡಿದ. ಆಕೆ ಬರಿಗಾಲಲ್ಲಿ, ನೀರಿನ ನಡುವೆ ನಿಂತಿದ್ದಳು. ನೆಲಕ್ಕೆ ಇಳಿಸಿದ್ದ ತಂತಿ ನಡುವೆ ತುಂಡಾಗಿತ್ತು.

"ಇದನ್ನು ಕತ್ತರಿಸಿದ್ದು ಯಾರು?"

"ನಾನೇ," ಎಂದ ಹಿಂದೆಯೇ ಓಡಿಬಂದಿದ್ದ ಮಾಲೀಕ. "ನನ್ನ ಕರೆಂಟನ್ನ ಮಣ್ಣೊಳಗಿಂದ ಎಲ್ಲಿಗೋ ಸಾಗಿಸ್ತಿದೀರಿ ಅಂದ್ಕೊಂಡೆ."

ಹೇಳಿದವನೇ ಹೆಂಡತಿಯ ಒದ್ದೆ ಕೈ ನೋಡಿದ. ಆಕೆಯನ್ನು ನೀರಿನಿಂದ ಈಚೆಗೆ ಎಳೆದುಕೊಂಡ. ದಿನವೂ ಆಕೆ ಫಲಕಕ್ಕೆ ಕೈ ಇಟ್ಟ ಕೂಡಲೇ ಯಂತ್ರ ನಿಂತು ಆಕೆಯನ್ನು ಉಳಿಸುತ್ತಿತ್ತು. ಆ ಕಾವಲು ತೆಗೆದಿದ್ದರೆ ಮರುದಿನ ಆಕೆ ಉಳಿಯುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಎಂಥ ಮೂರ್ಖ ಅವನು!" ಎಂದ ಶಿಷ್ಯ.

ಗುರುಗಳು ಅವನ ಸೊಂಟದ ಕಡೆ ನೋಡಿ ಹೇಳಿದರು: "ಆ ಯಂತ್ರ ದಿನವೂ ಮೊದಲು ತನ್ನನ್ನೇ ಪರೀಕ್ಷಿಸಿಕೊಳ್ಳುತ್ತಿತ್ತು. ಉಗ್ರಾಣದ ಬೀಗದಕೈ ಯಾರ ಹತ್ತಿರ ಇದೆಯಪ್ಪಾ?"