ಕಾಲು ತೊಳೆದ ನೀರು

"ಬುದ್ಧಿ, ಕೂತಲ್ಲೇ ಲೋಕವನ್ನೆಲ್ಲ ಕಂಡವನು ಕಾಲು ಸವೆಸಿ ಯಾಕೆ ತಿರುಗಬೇಕು?" ಎಂದು ಮರುಳಸಿದ್ಧ ಗುರುಗಳನ್ನು ಕೇಳಿದ.

ಕೇಳುವುದಕ್ಕೆ ಕಾರಣವಿತ್ತು. ಶಾಖಾಮಠದ ಹೊಣೆ ಹೊರುವ ಶಿಷ್ಯ ಮೊದಲು ಒಂದು ವರ್ಷ ಊರೂರು ನಡೆದು, ಗುರುತಿಲ್ಲದವರ ಮನೆಯ ಭಿಕ್ಷೆ ಉಣ್ಣಬೇಕು. ಅದು ಆ ಮಠದ ಕಟ್ಟಳೆ. ಮರುದಿನ ಬೆಳಗ್ಗೆ ಮರುಳಸಿದ್ಧ ಹೊರಡಬೇಕಾಗಿತ್ತು. ಅವನಿಗೆ ಹೋಗಲು ಸುತರಾಂ ಮನಸ್ಸಿರಲಿಲ್ಲ. ಹೋಗದಿದ್ದರೆ ಶಾಖಾಮಠ ಕೈತಪ್ಪುತ್ತದೆ ಎಂಬ ಭಯವೂ ಇತ್ತು.

ಅವನು ಫೋನು ತೆಗೆದು ತೋರಿಸಿದ. ಅದರಲ್ಲಿ ಒಂದು ಆಟ. ಪ್ರಪಂಚದ ಯಾವುದೋ ಮೂಲೆಯ ರಸ್ತೆಯೊಂದು ಎದುರಿಗೆ ಬರುತ್ತದೆ. ಮಣ್ಣಿನ ಬಣ್ಣ, ಕರೆಂಟು ಕಂಬ, ಬೋರ್ಡಿನ ಅಕ್ಷರ ನೋಡಿ ಅದು ಎಲ್ಲಿಯದೆಂದು ನಕ್ಷೆಯಲ್ಲಿ ಗುರುತು ಹಾಕಬೇಕು. ಒಂದು ಕೆಂಪು ಮಣ್ಣಿನ ದಾರಿ ಬಂತು. ಗುರುಗಳು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಅವನು "ಉಗಾಂಡ" ಎಂದ. ಸರಿಯಾಗಿತ್ತು. ಅಂಕ ಬಿತ್ತು, ದಾರಿ ಮಾಯವಾಗಿ ಇನ್ನೊಂದು ಬಂತು.

"ಭೇಷ್!" ಎಂದರು ಗುರುಗಳು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. "ಕೂತ್ಕೊ. ನಿನ್ನಂಥ ಜಾಣನೊಬ್ಬನ ಕತೆ ಹೇಳ್ತೀನಿ."

ದಾರಿಯ ಪಕ್ಕ ಒಂದು ಛತ್ರ. ಛತ್ರದವನು ಬಂದವರಿಗೆಲ್ಲ ಕಾಲಿಗೆ ನೀರು ಕೊಡುತ್ತಿದ್ದ. ಬಾವಿಯಿಂದ ನೀರೆಳೆಯಲು ಅವನಲ್ಲಿ ಒಂದು ಜೊತೆ ಎತ್ತುಗಳಿದ್ದವು. ಮಕ್ಕಳಿಲ್ಲದ ಅವನಿಗೆ ಅವೇ ಮಕ್ಕಳು. ಅವು ಕುಡಿಯುವ ತೊಟ್ಟಿಯಲ್ಲೇ ದಾರಿಹೋಕರ ಎತ್ತುಗಳೂ ಕುಡಿಯುತ್ತಿದ್ದವು.

ಕಾಲಿಗೆ ನೀರು ಕೊಟ್ಟೂ ಕೊಟ್ಟೂ ಅವನಿಗೊಂದು ವಿದ್ಯೆ ಹತ್ತಿತು. ತೊಳೆದ ಕಾಲಿನಿಂದ ಕಲ್ಲಿನ ಮೇಲೆ ಇಳಿಯುವ ನೀರಿನ ಬಣ್ಣ ನೋಡಿ ಬಂದವರ ಊರು ಹೇಳಿಬಿಡುತ್ತಿದ್ದ. ಜನ ಮೂಗಿನ ಮೇಲೆ ಬೆರಳಿಟ್ಟರು. ಸಂಜೆಯಾದರೆ ಇದನ್ನು ನೋಡಲೆಂದೇ ಗುಂಪು ಸೇರತೊಡಗಿತು. ಅವನೂ ಉಬ್ಬಿಹೋದ. ಬಂದವರು ಬಾಯಿ ಬಿಡುವ ಮೊದಲೇ ಊರು ಹೇಳಬೇಕೆಂಬ ಹಟ ಹಿಡಿಯಿತು. ಅನ್ನ ಬಡಿಸಲು ಮರೆತಾನು, ಊರು ಹೇಳಲು ಮರೆಯುತ್ತಿರಲಿಲ್ಲ.

ಒಂದು ಸಂಜೆ ಒಬ್ಬ ಹೆಂಗಸು ಏದುಸಿರು ಬಿಡುತ್ತ ಬಂದಳು. "ಅಣ್ಣಾ, ನಮ್ಮೂರಲ್ಲಿ..." ಎಂದಳು.

"ತಡಿಯವ್ವ, ಹೇಳಬೇಡ! ನಾನೇ ಹೇಳ್ತೀನಿ" ಎಂದು ಅವನು ಕೈ ಅಡ್ಡ ಹಿಡಿದ. ಅವಳ ಕಾಲಿಗೆ ನೀರು ಹೊಯ್ದ. ಕಪ್ಪು ನೀರು, ಅದರಲ್ಲಿ ಬಿಳಿಯ ಹರಳು. "ನಿಂದು ಹೊಳೆಯಾಚೆ ಸುಣ್ಣದ ಗೂಡಿನ ಊರು!"

ಹೌದೆಂದು ತಲೆಯಾಡಿಸಿ ಅವಳು ಮತ್ತೆ ಬಾಯಿ ತೆರೆದಳು. ಗುಂಪು ಹೋ ಎಂದು ಕೂಗಿತು. ಅಷ್ಟರಲ್ಲಿ ಅವನು ಮುಂದಿನವನ ಕಾಲಿಗೆ ನೀರು ಹೊಯ್ಯುತ್ತಿದ್ದ. ಅವಳು ಕೈ ಎತ್ತಿ ಕರೆದಳು. ಆ ಗದ್ದಲದಲ್ಲಿ ಯಾರು ಕೇಳುತ್ತಾರೆ? ಕತ್ತಲಾಗುವ ಮೊದಲು ಅವಳು ಮುಂದಿನ ಊರು ಸೇರಬೇಕಾಗಿತ್ತು. ಹೊರಟುಹೋದಳು.

ಮರುದಿನ ಅದೇ ಊರಿನ ಗಾಡಿಗಳು ಬಂದವು. ಛತ್ರದವನು ಚಕ್ರದ ಮಣ್ಣು ನೋಡಿಯೇ ಊರು ಹೇಳಿ ಶಹಭಾಸ್ ಅನ್ನಿಸಿಕೊಂಡ. ಕಣ್ಣು ಮೂಗು ಸುರಿಸುತ್ತಿದ್ದ ಗಾಡಿಯೆತ್ತುಗಳು ತೊಟ್ಟಿಗೆ ಬಾಯಿ ಹಾಕಿದವು. ಪಕ್ಷ ಕಳೆಯುವುದರೊಳಗೆ ಅವನ ಎತ್ತುಗಳೂ ಮೇವು ಬಿಟ್ಟವು. ಒಂದರ ಹಿಂದೊಂದು ಸತ್ತವು. ಅವನು ಅವುಗಳ ಕೊರಳು ತಬ್ಬಿಕೊಂಡು ಗೋಳೋ ಎಂದು ಅತ್ತ.

ಆ ಹೆಂಗಸು ಊರಿಗೆ ಮರಳುವಾಗ ಮತ್ತೆ ಛತ್ರಕ್ಕೆ ಬಂದಳು. ಕಲ್ಲು ಒಣಗಿತ್ತು. ಅವಳ ಕಾಲಿಗೆ ಕೊಡಲು ಅವನಲ್ಲಿ ನೀರಿರಲಿಲ್ಲ.

"ನಮ್ಮೂರ ದನಕ್ಕೆ ದೊಡ್ಡರೋಗ ಬಿದ್ದದೆ, ತೊಟ್ಟಿ ಮುಚ್ಚು ಅಂತ ಹೇಳೋಕೆ ಬಂದಿದ್ದೆ ಅಣ್ಣಾ" ಎಂದಳು ಅವಳು. "ಊರು ಯಾವುದು ಅಂತ ಗೊತ್ತಾಗಿದ್ದೇ ತಡ, ನೀನು ಆಚೆ ತಿರುಗಿಬಿಟ್ಟೆ."

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನಿಗೆ ಎತ್ತುಗಳು ಸತ್ತಿದ್ದಕ್ಕೆ ಸಂಕಟವಾಯಿತು. ಆದರೂ ಅವನು ಸೋಲೊಪ್ಪುವವನಲ್ಲ.

"ಅವನ ಮುಂದೆ ಮಾತಾಡೋ ಮನುಷ್ಯರಿದ್ದರು ಬುದ್ಧಿ. ನನ್ನ ಆಟದಲ್ಲಿ ಬರೀ ಮಣ್ಣು, ಕಂಬ. ಅಲ್ಲಿ ಯಾರಿದ್ದಾರೆ ಕೇಳೋಕೆ?"

"ಆ ಕೆಂಪು ಮಣ್ಣಿನ ದಾರಿ ಪಕ್ಕದಲ್ಲಿ ಒಬ್ಬ ಹೆಂಗಸು ನಿನ್ನ ಕಡೆಗೇ ಕೈ ಎತ್ತಿ ನಿಂತಿದ್ದಳಲ್ಲೋ, ಮರುಳಸಿದ್ಧ" ಎಂದರು ಗುರುಗಳು.