ಅಂತರಪಟ ಹಿಡಿದ ನೇಕಾರ

“ಗುರುಗಳೇ, ನೀವು ಕಂಡದ್ದನ್ನು ನಮಗೇಕೆ ತೋರಿಸುವುದಿಲ್ಲ?”

ಹೀಗೆ ಕೇಳಿದವನು ಮರಿದೇವನೆಂಬ ಶಿಷ್ಯ. ಕೇಳುವಾಗ ಅವನ ಹೆಗಲ ಮೇಲೆ ಬಟ್ಟೆಯ ಗಂಟಿತ್ತು. ಉತ್ತರ ಸಿಗದಿದ್ದರೆ ಅಂದೇ ಮಠ ಬಿಟ್ಟು ಹೋಗುವುದೆಂದು ನಿಶ್ಚಯಿಸಿಕೊಂಡೇ ಬಂದಿದ್ದ. ಅವನು ಬಹಳ ಕಾಲದಿಂದ ಅಲ್ಲಿದ್ದವನು. ನೀರು ಹೊತ್ತಿದ್ದ, ಅಂಗಳ ಗುಡಿಸಿದ್ದ, ಹೇಳಿದ ಹೊತ್ತಿಗೆ ಕಣ್ಣು ಮುಚ್ಚಿ ಕುಳಿತಿದ್ದ. ದೇವರನ್ನು ತೋರಿಸಿ ಎಂದು ಕೇಳಿದಾಗಲೆಲ್ಲ ಗುರುಗಳು ‘ತಾಳು’ ಎಂದಷ್ಟೇ ಹೇಳಿದ್ದರು.

“ನೀವು ಕಂಡೇ ಇಲ್ಲವೋ, ಇಲ್ಲಾ ಕಂಡೂ ನಮಗೆ ಅಡ್ಡ ನಿಂತಿದ್ದೀರೋ? ಎರಡರಲ್ಲಿ ಒಂದನ್ನು ಹೇಳಿಬಿಡಿ,” ಎಂದ.

ಗುರುಗಳಿಗೆ ಕೋಪ ಬರಲಿಲ್ಲ. ಸ್ವಲ್ಪ ಗಾಬರಿಯಾದಂತೆ ಕಂಡಿತು.

“ಕುಳಿತುಕೋ. ಒಂದು ಕತೆ ಹೇಳುತ್ತೇನೆ. ಆದರೆ ನಾನು ಕತೆ ಹೇಳಿದವನಲ್ಲ ಮಗು, ಇದೇ ಮೊದಲು. ಕೆಡಿಸಿಬಿಡುತ್ತೇನೇನೋ ಎಂಬ ಅಂಜಿಕೆಯಿದೆ. ಬೇಡದ ಕಡೆಯಲ್ಲೆಲ್ಲ ನಿಂತು ವಿವರಿಸುತ್ತೇನೆ. ಕ್ಷಮಿಸು.”

ಮರಿದೇವ ಕುಳಿತ. ಗಂಟನ್ನು ಮಾತ್ರ ಇಳಿಸಲಿಲ್ಲ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೆ ಒಬ್ಬ ಅಂಬಿಗ ಗೆಳೆಯ. ನೇಕಾರ ನೂಲು ತೊಳೆಯುವುದೂ ಅಂಬಿಗ ದೋಣಿ ಕಟ್ಟುವುದೂ ಒಂದೇ ದಡದಲ್ಲಿ. ಇಬ್ಬರೂ ಚಿಕ್ಕಂದಿನಿಂದ ಒಂದೇ ಹೊಳೆಯಲ್ಲಿ ಈಜಿದವರು. ಇದನ್ನು ಏಕೆ ಹೇಳಿದೆನೆಂದರೆ, ಅವರ ಸ್ನೇಹ ಎಂಥದ್ದೆಂದು ನಿನಗೆ ತಿಳಿದಿರಲಿ ಎಂದು.

ಅಂಬಿಗನ ಎಡಗೆನ್ನೆ ಸುಟ್ಟಿತ್ತು. ದೋಣಿಯ ಸಂದುಗಳಿಗೆ ಬಳಿಯಲು ರಾಳ ಕಾಯಿಸುತ್ತಾರಲ್ಲ, ಹುಡುಗನಾಗಿದ್ದಾಗ ಅದು ಸಿಡಿದಿತ್ತು. ಅಂದಿನಿಂದ ಅವನು ಯಾರೊಡನೆ ಮಾತಾಡಿದರೂ ಬಲಗೆನ್ನೆಯನ್ನೇ ಮುಂದೆ ಮಾಡುತ್ತಿದ್ದ. ನೇಕಾರನ ಎದುರು ಮಾತ್ರ ಮುಖ ತಿರುಗಿಸುತ್ತಿರಲಿಲ್ಲ.

ಅಂಬಿಗನಿಗೆ ಮದುವೆ ಗೊತ್ತಾಯಿತು. ಹೆಣ್ಣು ಹೊಳೆಯಾಚೆಯ ಊರಿನವಳು. ಎರಡು ಮನೆಯ ಹಿರಿಯರೂ ನೋಡಿ ಒಪ್ಪಿದ್ದರು. ಗಂಡು ಹೆಣ್ಣು ಮಾತ್ರ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಆ ಸೀಮೆಯಲ್ಲಿ ಆಗ ಹಾಗೇ ಇತ್ತು.

ನೇಕಾರನಿಗೆ ಹಿಗ್ಗೋ ಹಿಗ್ಗು. ಹೊಸ ರುಮಾಲು ಸುತ್ತಿಕೊಂಡು ಬಂದ. ಮದುಮಗನಿಗೆ ಛತ್ರಿ ಹಿಡಿದು ದಿಬ್ಬಣದ ಮುಂದೆ ನಡೆಯುವವನು ತಾನೇ ಎಂದು ಅವನ ಎಣಿಕೆ. ಛತ್ರಿ ಹಿಡಿದವನನ್ನು ಊರೆಲ್ಲ ನೋಡುತ್ತದೆ, ಅದಕ್ಕೆ.

“ನೀನು ಅಂತರಪಟ ಹಿಡಿಯಬೇಕು,” ಎಂದ ಅಂಬಿಗ.

“ಅಯ್ಯೋ ಮಾರಾಯ! ವರ್ಷವೆಲ್ಲ ಬಟ್ಟೆ ಹಿಡಿದು ಸಾಕಾಗಿದೆ. ನಿನ್ನ ಮದುವೆಯಲ್ಲೂ ನನಗೆ ಬಟ್ಟೆಯೇ ಗತಿಯೇನೋ?”

“ಛತ್ರಿ ಹಿಡಿಯಲು ನಮ್ಮ ಭಾವನಿದ್ದಾನೆ. ಪಟಕ್ಕೆ ನೀನೇ ಬೇಕು.” ಅಂಬಿಗ ದನಿ ತಗ್ಗಿಸಿದ. “ಪಟ ಹಿಡಿದವನಿಗೆ ಎರಡು ಕಡೆಯೂ ಕಾಣುತ್ತದೆ. ಅವಳ ಮುಖ ನೋಡಿ ನನಗೆ ಹೇಳು. ನನ್ನ ಕೆನ್ನೆಯ ಸುದ್ದಿಯನ್ನು ಯಾರಾದರೂ ಅವಳ ಕಿವಿಗೆ ಹಾಕಿಯೇ ಇರುತ್ತಾರೆ. ಅವಳ ಮುಖದಲ್ಲಿ ಬೇಸರ ಕಂಡರೆ ಹೇಳಿಬಿಡು. ಪಟ ಇಳಿಯುವ ಮೊದಲೇ ಹೋಗಿ ದೋಣಿ ಹತ್ತುತ್ತೇನೆ. ಬಲವಂತಕ್ಕೆ ಅವಳು ನನ್ನ ಜೊತೆ ಬಾಳುವುದು ಬೇಡ.”

ನೇಕಾರ ಆಗಲಿ ಎಂದ. ಪಟದ ಬಟ್ಟೆಯನ್ನು ತಾನೇ ನೇಯುತ್ತೇನೆಂದೂ ಹೇಳಿದ.

ಅಂತರಪಟವೆಂದರೆ ಏನೆಂದು ನಿನಗೆ ಗೊತ್ತು. ಆದರೂ ಹೇಳಿಬಿಡುತ್ತೇನೆ. ಧಾರೆಯ ಮೊದಲು ಮದುಮಗನನ್ನೂ ಮದುಮಗಳನ್ನೂ ಎದುರುಬದುರು ನಿಲ್ಲಿಸುತ್ತಾರೆ. ನಡುವೆ ಒಂದು ಬಟ್ಟೆಯನ್ನು ಅಡ್ಡ ಹಿಡಿಯುತ್ತಾರೆ. ಗಂಡಿನ ಕಡೆಯವನೊಬ್ಬ ಒಂದು ತುದಿ, ಹೆಣ್ಣಿನ ಕಡೆಯವನೊಬ್ಬ ಇನ್ನೊಂದು ತುದಿ. ಮುಹೂರ್ತಕ್ಕೆ ಸರಿಯಾಗಿ ಬಟ್ಟೆ ಇಳಿಯುತ್ತದೆ. ಆಗ ಇಬ್ಬರೂ ಮೊದಲ ಸಲ ಮುಖ ನೋಡಿಕೊಳ್ಳುತ್ತಾರೆ. ಮುಹೂರ್ತ ತಿಳಿಯಲು ಆ ಕಾಲದಲ್ಲಿ ಗಳಿಗೆಬಟ್ಟಲು ಇಡುತ್ತಿದ್ದರು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು ಅದು. ಕೊಳಗದ ನೀರಿನ ಮೇಲೆ ತೇಲಬಿಟ್ಟರೆ ನೀರು ತುಂಬುತ್ತ ತುಂಬುತ್ತ ಮುಳುಗುತ್ತದೆ. ಅದು ಮುಳುಗಿತೆಂದರೆ ಹೊತ್ತು ಕೂಡಿತು ಎಂದು ಅರ್ಥ. ಅದಕ್ಕೆ ಅವಸರ ಗೊತ್ತಿಲ್ಲ. ಇದು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೋ.

ಪಟದ ಇನ್ನೊಂದು ತುದಿ ಹಿಡಿಯುವವನು ಮದುಮಗಳ ಸೋದರಮಾವ, ವಯಸ್ಸಾದವನು. ಅವನು ನೇಕಾರನನ್ನು ಪಕ್ಕಕ್ಕೆ ಕರೆದು ಹೇಳಿದ.

“ನೋಡು ತಮ್ಮಾ. ಪಟ ಜೋಲಬಾರದು. ಬಟ್ಟಲು ಮುಳುಗುವ ಮೊದಲು ಇಳಿಯಬಾರದು. ಹಿಡಿದಾಗ ಕಂಡದ್ದನ್ನು ಆಡಬಾರದು.”

ನೇಕಾರ ನಕ್ಕುಬಿಟ್ಟ. “ಬಟ್ಟೆ ಹಿಡಿಯುವುದನ್ನು ನೇಕಾರನಿಗೆ ಕಲಿಸುತ್ತೀರಾ ಮಾವ?”

“ಹಿಡಿದು ನೋಡು. ಆಮೇಲೆ ಮಾತಾಡು.”

ಮದುಮಗನನ್ನು ತಂದು ನಿಲ್ಲಿಸಿದರು. ಪಟ ಎತ್ತಿದರು. ಮದುಮಗಳನ್ನು ಕರೆತಂದು ಆಚೆ ನಿಲ್ಲಿಸಿದರು. ನೇಕಾರ ತಲೆಯೆತ್ತಿ ಮೊದಲು ಗೆಳೆಯನ ಕಡೆ ನೋಡಿದ. ಆಮೇಲೆ ಆ ಕಡೆ ನೋಡಿದ. ನೋಡಿದವನಿಗೆ ಮೈ ಜುಮ್ಮೆಂದಿತು.

ಏನು ಕಂಡನೆಂದು ಹೇಳುತ್ತೇನೆ. ಈಚೆ ನಿಂತ ಅಂಬಿಗ ಬಟ್ಟೆಯ ಒಂದು ಜಾಗವನ್ನೇ ನೋಡುತ್ತಿದ್ದ. ಆಚೆ ನಿಂತ ಹುಡುಗಿಯೂ ಬಟ್ಟೆಯ ಒಂದು ಜಾಗವನ್ನೇ ನೋಡುತ್ತಿದ್ದಳು. ಅದು ಒಂದೇ ಜಾಗ. ನೇಕಾರನ ಕಣ್ಣಿಗೆ ಎಳೆ ಎಳೆಯೂ ಗೊತ್ತು. ಅವರಿಬ್ಬರ ನೋಟವೂ ಒಂದೇ ಎಳೆಯ ಮೇಲೆ ಬಂದು ನಿಂತಿತ್ತು. ಅದು ಅವರಿಬ್ಬರಿಗೂ ತಿಳಿಯದು. ಆ ಚಪ್ಪರದಲ್ಲಿ ಅಷ್ಟು ಜನರಿದ್ದರೂ ಬೇರೆ ಯಾರಿಗೂ ತಿಳಿಯದು. ಬಟ್ಟೆ ಹಿಡಿದವನಿಗೆ ಮಾತ್ರ ಗೊತ್ತು. ದೇವರ ಗುಡಿಯ ಬಾಗಿಲಲ್ಲಿಯೂ ಅವನಿಗೆ ಅಂಥ ಭಯ, ಅಂಥ ಸಂತೋಷ ಆಗಿರಲಿಲ್ಲ. ಛತ್ರಿಯ ನೆನಪು ಹೋಯಿತು. ರುಮಾಲಿನ ನೆನಪೂ ಹೋಯಿತು.

ಓಲಗ ಜೋರಾಗಿ ನುಡಿಯುತ್ತಿತ್ತು. ಅದರ ಮರೆಯಲ್ಲಿ ಅಂಬಿಗ ಪಿಸುಗುಟ್ಟಿದ. “ಹಾಳಾದವನೇ, ಇಷ್ಟು ದಟ್ಟವಾಗಿ ಯಾಕೆ ನೇಯ್ದೆ? ಏನೂ ಕಾಣುವುದಿಲ್ಲ. ಹೇಳೋ, ಹೇಗಿದ್ದಾಳೆ? ಬೇಸರವಿದೆಯಾ?”

ಅಷ್ಟರಲ್ಲಿ ಆಚೆಯಿಂದಲೂ ಸಣ್ಣ ದನಿ ಬಂತು. “ಅಣ್ಣಾ, ನೀವು ಅವರ ಗೆಳೆಯರಂತೆ. ಅವರು ಮನಸ್ಸಿಟ್ಟು ಬಂದಿದ್ದಾರಾ, ಹಿರಿಯರ ಮಾತಿಗೆ ಬಂದಿದ್ದಾರಾ? ಒಂದೇ ಒಂದು ಮಾತು ಹೇಳಿ.”

ಒಬ್ಬರ ದನಿ ಒಬ್ಬರಿಗೆ ಕೇಳಿಸಲಿಲ್ಲ. ಓಲಗವಿತ್ತಲ್ಲ.

ನೇಕಾರನ ಬಳಿ ಇಬ್ಬರಿಗೂ ಉತ್ತರವಿತ್ತು. ಒಂದು ಮಾತು ಸಾಕಾಗಿತ್ತು, ಎರಡು ಕಡೆಯೂ ಎದೆ ಹಗುರವಾಗುತ್ತಿತ್ತು. ಹೇಳಲೆಂದು ಅವನು ಬಾಯಿ ತೆರೆದ. ಹಾಗೇ ನಿಂತುಬಿಟ್ಟ. ಸೋದರಮಾವನ ಮಾತಿಗೆ ಹೆದರಿ ಅಲ್ಲ. ಅವನಿಗೆ ಬೇರೊಂದು ಹೊಳೆಯಿತು. ನಾನು ಹೇಳಿದರೆ ಇವನು ನನ್ನ ಮಾತನ್ನು ಮದುವೆಯಾಗುತ್ತಾನೆ, ಅವಳನ್ನಲ್ಲ. ಅವಳೂ ಅಷ್ಟೇ. ನಾಳೆ ಪಟವಿರುವುದಿಲ್ಲ, ನಾನೂ ಇರುವುದಿಲ್ಲ. ಆಗ ಇವರ ಹತ್ತಿರ ಉಳಿಯುವುದು ನನ್ನ ಮಾತು ಮಾತ್ರ.

ಅವನು ಬಾಯಿ ಮುಚ್ಚಿಕೊಂಡ.

ಆ ಮೌನವನ್ನು ಅಂಬಿಗ ಬೇರೆಯೇ ತಿಳಿದ. ಅವನ ಮುಖ ಇಳಿದುಹೋಯಿತು. ಕೈ ತಾನಾಗಿ ಎಡಗೆನ್ನೆಗೆ ಹೋಯಿತು. ಆಚೆ ಹುಡುಗಿಯ ಕಣ್ಣು ತುಂಬಿತು. ಎರಡನ್ನೂ ನೇಕಾರ ನೋಡಬೇಕಾಯಿತು. ನೋಡದೆ ಇರಲು ಆಗುವಂತಿರಲಿಲ್ಲ, ಅವನು ನಿಂತ ಜಾಗವೇ ಹಾಗಿತ್ತು. ತೋಳು ಆಗಲೇ ಉರಿಯುತ್ತಿತ್ತು. ಎತ್ತಿ ಹಿಡಿದ ಬಟ್ಟೆ ಹೊತ್ತು ಕಳೆದಂತೆ ಭಾರವಾಗುತ್ತದೆ. ನಿನಗೆ ಬೇಕಾದರೆ ಮನೆಯಲ್ಲಿ ಹಿಡಿದು ನೋಡಬಹುದು.

ಈಗ ಒಂದು ಎಡವಟ್ಟಾಯಿತು. ಬಟ್ಟಲು ಕಾಯುತ್ತಿದ್ದವನು ಮದುಮಗಳ ತಂದೆ. ಬಟ್ಟಲು ಮುಳುಗಿದ ಕೂಡಲೇ ಅವನು ಕೈಯೆತ್ತಬೇಕು, ಕೈ ಕಂಡ ಕೂಡಲೇ ವಾದ್ಯದವರು ಗಟ್ಟಿಮೇಳ ಬಾರಿಸಬೇಕು, ಮೇಳ ಕೇಳಿದ ಕೂಡಲೇ ಜನ ಅಕ್ಷತೆ ಎರಚಬೇಕು. ಕ್ರಮ ಅದು. ಆದರೆ ಆ ತಂದೆಗೆ ಸೀನು ಬಂತು. ಮೂಗಿಗೆ ಅಡ್ಡ ಹಿಡಿಯಲು ಕೈಯೆತ್ತಿದ. ಅವನ ಕೈಯನ್ನೇ ನೋಡುತ್ತಿದ್ದ ಡೋಲಿನವನು ಬಾರಿಸಿಯೇಬಿಟ್ಟ. ಚಪ್ಪರದ ತುಂಬ ಅಕ್ಷತೆ ಹಾರಿತು.

“ಇಳಿಸು! ಪಟ ಇಳಿಸೋ!”

“ಏನಯ್ಯಾ, ಕಿವಿ ಕೇಳಿಸುವುದಿಲ್ಲವಾ ನಿನಗೆ?”

“ತಾನೇ ನೇಯ್ದ ಬಟ್ಟೆಯಲ್ಲವೇ, ಬಿಡಲು ಮನಸ್ಸಿಲ್ಲ ಪಾಪ!”

ಜನ ನಕ್ಕರು, ಕೂಗಿದರು, ಬೈದರು. ಗದ್ದಲಕ್ಕೆ ಸೋದರಮಾವನೂ ತಬ್ಬಿಬ್ಬಾದ. ಅವನ ಕೈಯ ತುದಿ ಜೋಲತೊಡಗಿತು. ನೇಕಾರ ತನ್ನ ತುದಿಯನ್ನು ಬಲವಾಗಿ ಎಳೆದು ಬಟ್ಟೆಯನ್ನು ನೆಟ್ಟಗೆ ಮಾಡಿದ. ಕೊಳಗದ ಕಡೆ ನೋಡಿದ. ಬಟ್ಟಲು ಇನ್ನೂ ತೇಲುತ್ತಿತ್ತು. ಈಚೆ ನೋಡಿದ. ಅಂಬಿಗ ಹೆದರಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಆಚೆ ನೋಡಿದ. ಹುಡುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕಣ್ಣು ಒರೆಸುತ್ತಿದ್ದಳು.

ಆಗ ಪಟ ಇಳಿದಿದ್ದರೆ ಏನಾಗುತ್ತಿತ್ತು, ಯೋಚಿಸು. ಸೆರಗು ತೆಗೆದವಳಿಗೆ ತನ್ನನ್ನು ನೋಡಲಾರದೆ ಕಣ್ಣು ಮುಚ್ಚಿದ ಗಂಡು ಕಾಣುತ್ತಿದ್ದ. ಕಣ್ಣು ತೆರೆದವನಿಗೆ ತನಗೆ ಮುಖ ಮರೆಸಿಕೊಂಡು ಅಳುತ್ತಿರುವ ಹೆಣ್ಣು ಕಾಣುತ್ತಿದ್ದಳು. ಎರಡೂ ನಿಜವಲ್ಲ. ಆದರೆ ಅವರ ಪಾಲಿಗೆ ಬಾಳೆಲ್ಲ ಅದೇ ನಿಜವಾಗುತ್ತಿತ್ತು. ಅಂಬಿಗ ನೆಟ್ಟಗೆ ದೋಣಿ ಹತ್ತುತ್ತಿದ್ದ.

ನೇಕಾರ ಇಳಿಸಲಿಲ್ಲ.

ಡೋಲಿನವನಿಗೆ ತನ್ನ ತಪ್ಪು ತಿಳಿಯಿತು. ಮೇಳ ನಿಂತಿತು. ಓಲಗವೂ ನಿಂತಿತು. ಜನರ ಕೈಯಲ್ಲಿ ಅಕ್ಷತೆ ಉಳಿದಿರಲಿಲ್ಲ. ಅವರು ನಾಚಿಕೊಂಡು, ಬಗ್ಗಿ, ನೆಲದ ಮೇಲಿನ ಕಾಳುಗಳನ್ನೇ ಆರಿಸತೊಡಗಿದರು. ಚಪ್ಪರ ನಿಶ್ಶಬ್ದವಾಯಿತು.

ಆ ನಿಶ್ಶಬ್ದದಲ್ಲಿ ಅಂಬಿಗನಿಗೆ ಒಂದು ಸದ್ದು ಕೇಳಿಸಿತು. ಪಟದ ಆಚೆ ಯಾರೋ ಉಸಿರಾಡುತ್ತಿದ್ದರು. ಹುಡುಗಿಗೂ ಕೇಳಿಸಿತು, ಈಚೆಯ ಉಸಿರು. ಅವನು ಮೆಲ್ಲನೆ ಕಣ್ಣು ತೆರೆದ. ಅವಳು ಸೆರಗು ಸರಿಸಿದಳು. ಅವನ ಕೈ ಕೆನ್ನೆಯಿಂದ ಕೆಳಗಿಳಿಯಿತು. ಯಾರೂ ಹೇಳಿರಲಿಲ್ಲ. ಇಬ್ಬರೂ ತಲೆಯೆತ್ತಿದರು. ಅವರ ನೋಟ ಮತ್ತೆ ಬಂದು ಆ ಒಂದೇ ಎಳೆಯ ಮೇಲೆ ನಿಂತಿತು. ನೇಕಾರ ಉಸಿರು ಬಿಗಿಹಿಡಿದು ನೋಡುತ್ತಿದ್ದ. ತನ್ನ ಕೈಯಲ್ಲಿರುವುದು ತಾನು ನೇಯ್ದ ಬಟ್ಟೆಯೆಂದು ಅವನಿಗೆ ನಂಬಲಾಗಲಿಲ್ಲ.

ಕೊಳಗದಲ್ಲಿ ಗುಳುಂ ಎಂದಿತು.

ಪಟ ಇಳಿಯಿತು.

ಪಟ ಇಳಿದ ಮೇಲೆ ಗಂಡು ಹೆಣ್ಣು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಡಬೇಕು. ಅವಳು ಕೈಯೆತ್ತಿದಳು, ಎಟುಕಲಿಲ್ಲ. ಅಂಬಿಗ ಅಷ್ಟು ಎತ್ತರ. “ಬಗ್ಗಬೇಡವೋ! ಇವತ್ತು ಬಗ್ಗಿದರೆ ಬಾಳೆಲ್ಲ ಬಗ್ಗಬೇಕು!” ಎಂದು ಗಂಡಿನ ಕಡೆಯವರು ತಮಾಷೆಗೆ ಕೂಗಿದರು. ಅವನು ಬಗ್ಗಿದ. ಬಗ್ಗಿದಾಗ ಅವನ ಎಡಗೆನ್ನೆ ಅವಳ ಕಣ್ಣಿನ ಹತ್ತಿರವೇ ಬಂತು. ಅವನು ಮುಖ ತಿರುಗಿಸಲಿಲ್ಲ. ಅವಳು ಬೆಲ್ಲವಿಟ್ಟಳು. ಒಂದು ಚೂರು ಜಾರಿ ಸುಟ್ಟ ಕೆನ್ನೆಗೆ ಅಂಟಿಕೊಂಡಿತು. ಅವಳು ಹೆಬ್ಬೆರಳಿನಿಂದ ಅದನ್ನು ಒರೆಸಿದಳು, ಮಗುವಿನ ಬಾಯಿ ಒರೆಸುವ ಹಾಗೆ. ಅಂಬಿಗ ನಕ್ಕ.

ನೇಕಾರನನ್ನು ಯಾರೂ ನೋಡಲಿಲ್ಲ. ಅಂಬಿಗನೂ ನೋಡಲಿಲ್ಲ. ಆ ಗಳಿಗೆಯಲ್ಲಿ ಅವನು ನೋಡಬೇಕಾದದ್ದು ನೇಕಾರನನ್ನಲ್ಲ. ಇದು ಮುಖ್ಯ. ನೇಕಾರ ಹಿಂದಕ್ಕೆ ಸರಿದು ಚಪ್ಪರದ ಕಂಬಕ್ಕೆ ಒರಗಿದ. ಬಟ್ಟೆಯ ಅಂಚನ್ನು ಅವನ ಬೆರಳುಗಳು ಬಿಡಲೊಲ್ಲವು. ಸೋದರಮಾವನೇ ಬಂದು ಒಂದೊಂದಾಗಿ ಬಿಡಿಸಬೇಕಾಯಿತು.

“ತೋಳು ಬಹಳ ನೋಯುತ್ತಿದೆ ಮಾವ,” ಎಂದ ನೇಕಾರ.

“ಹಿಡಿದವರಿಗೆಲ್ಲ ನೋಯುತ್ತದೆ ತಮ್ಮಾ. ನಮ್ಮನ್ನು ಯಾರೂ ಕೇಳುವುದಿಲ್ಲ, ಅಷ್ಟೇ.”

ಕತೆ ಮುಗಿಯಿತು. ಗುರುಗಳು ಹಣೆಯ ಬೆವರು ಒರೆಸಿಕೊಂಡರು. ಮರಿದೇವನ ಮುಖ ನೋಡಿ ಅವರಿಗೆ ಮತ್ತೆ ಅನುಮಾನವಾಯಿತು.

“ಸರಿಯಾಗಿ ಹೇಳಿದೆನೋ ಇಲ್ಲವೋ. ಅರ್ಥವನ್ನೂ ಬಿಡಿಸಿ ಹೇಳಿಬಿಡುತ್ತೇನೆ, ಅದೇ ಒಳ್ಳೆಯದು. ಮದುಮಗನೆಂದರೆ ನೀನೇ ಎಂದಿಟ್ಟುಕೋ. ಆಚೆ ನಿಂತವಳು ಯಾರೆಂದು ನಾನು ಹೇಳಬೇಕಾಗಿಲ್ಲ. ಅಲ್ಲಿಯೂ ನಿನ್ನನ್ನು ಕಾಣುವ ಆಸೆಯಿದೆ ಎಂಬುದನ್ನು ಮಾತ್ರ ಮರೆಯಬೇಡ. ಇನ್ನು ಆ ನೇಕಾರ, ಅವನು ಯಾರೆಂದರೆ—”

“ಗುರುಗಳೇ!” ಅಂಗಳದಿಂದ ಯಾರೋ ಕರೆದರು. “ಊರಿನಿಂದ ಜನ ಬಂದು ಕಾಯುತ್ತಿದ್ದಾರೆ. ಬೇಗ ಬರಬೇಕಂತೆ!”

ಗುರುಗಳು ಮಾತನ್ನು ಅಲ್ಲಿಗೇ ಬಿಟ್ಟು ಎದ್ದರು. ಬಾಗಿಲವರೆಗೆ ಹೋಗಿದ್ದರು. ಮರಿದೇವ ಎದ್ದು ನಿಂತು ಹಿಂದಿನಿಂದ ಕೇಳಿದ.

“ಅವನು ಯಾರು, ಗುರುಗಳೇ? ಹೇಳಿ ಹೋಗಿ.”

ಗುರುಗಳು ಹೊಸ್ತಿಲ ಮೇಲೆ ನಿಂತರು. ಬಲಗೈಯಿಂದ ಎಡತೋಳನ್ನು ಮೇಲಿನಿಂದ ಕೆಳಗೆ ನೀವಿಕೊಂಡರು. ಮರಿದೇವ ಹೆಗಲಿನ ಗಂಟಿನ ಮೇಲೆ ಕೈಯಿಟ್ಟು, ಉತ್ತರಕ್ಕೆ ಕಾಯುತ್ತ ನಿಂತಿದ್ದ.

“ತೋಳು ಬಹಳ ನೋಯುತ್ತಿದೆ, ಮಗು,” ಎಂದರು ಗುರುಗಳು.

ಮರಿದೇವ ಗಂಟನ್ನು ಇಳಿಸಿದ.