ಕತೆ ಹೇಳಲೊಲ್ಲದ ಹುಡುಗಿ

"ಗುರುಗಳೇ, ನಮ್ಮಿಂದ ನೆರವು ಪಡೆದವರೇ ನಮಗೆ ಎದುರಾಡಿದರೆ ಏನು ಮಾಡಬೇಕು?" ಎಂದು ಒಬ್ಬ ಶಿಷ್ಯ ಕೇಳಿದ. ಮಠದ ದಾಸೋಹದ ಹೊಣೆ ಅವನದು. ಅಂದು ಪಂಕ್ತಿಯಲ್ಲಿ ಕುಳಿತಿದ್ದ ಹೆಂಗಸೊಬ್ಬಳು ಅವನಿಗೆ ಏನೋ ಅಂದಿದ್ದಳು. ಆ ಮಾತು ಅವನನ್ನು ಇನ್ನೂ ಚುಚ್ಚುತ್ತಿತ್ತು.

ಗುರುಗಳು ಅವನಿಗೆ ಕೂರಲು ಹೇಳಿ ಮಾತು ತೆಗೆದರು.

ಒಂದು ಬಂದರು ಪಟ್ಟಣವಿತ್ತು. ಪಟ್ಟಣದ ಹೊರಗೆ ಸುಣ್ಣದ ಭಟ್ಟಿಗಳಿದ್ದವು. ಬೇರೆ ಸೀಮೆಯಲ್ಲಿ ನೆಲೆ ಕಳೆದುಕೊಂಡ ಕುಟುಂಬಗಳು ಅಲ್ಲಿ ಬಂದು ಸೇರಿದ್ದವು. ಅವರ ಮಾತು ಪಟ್ಟಣದವರಿಗೆ ತಿಳಿಯದು, ಪಟ್ಟಣದ ಮಾತು ಅವರಿಗೆ ತಿಳಿಯದು. ಗಂಡಸರು ಭಟ್ಟಿ ಉರಿಸುತ್ತಿದ್ದರು. ಹೆಂಗಸರು ಸುಣ್ಣ ಹೊರುತ್ತಿದ್ದರು. ಹೆಣ್ಣುಮಕ್ಕಳು ಕಂಕುಳಲ್ಲಿ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡೇ ದಡದಲ್ಲಿ ಸುಣ್ಣಕ್ಕೆ ಸುಡುವ ಚಿಪ್ಪು ಆರಿಸುತ್ತಿದ್ದರು.

ಪಟ್ಟಣದಲ್ಲಿ ಸಿದ್ಧಾಂಬೆ ಎಂಬ ವರ್ತಕನ ಹೆಂಡತಿ ಇದ್ದಳು. ಅವಳು ಈ ಮಕ್ಕಳನ್ನು ನೋಡಿದಳು. ಕೆಲವು ಗೆಳತಿಯರನ್ನು ಕೂಡಿಸಿಕೊಂಡು, ಭಟ್ಟಿಗಳ ಹತ್ತಿರವೇ ಒಂದು ಮನೆ ಹಿಡಿದಳು. ಅಲ್ಲಿ ಹುಡುಗಿಯರಿಗೆ ಮಧ್ಯಾಹ್ನ ಊಟ. ಊಟವಾದ ಮೇಲೆ ಅಕ್ಷರ, ಲೆಕ್ಕ, ಪಟ್ಟಣದ ಮಾತು. ತಾಯಂದಿರು ಮೊದಲು ಅನುಮಾನಿಸಿದರು. ಸಿದ್ಧಾಂಬೆ ಗುಡಿಸಲು ಗುಡಿಸಲಿಗೆ ಹೋಗಿ, ನೆಲದ ಮೇಲೆ ಕುಳಿತು ಕೇಳಿಕೊಂಡಳು. ಆಮೇಲೆ ಕಳಿಸಿದರು.

ಮನೆ ನಡೆಯಲು ಧಾನ್ಯ ಬೇಕಲ್ಲ. ಅದಕ್ಕಾಗಿ ವರ್ಷಕ್ಕೊಮ್ಮೆ ಪಟ್ಟಣದ ಹಿರಿಯರನ್ನು ಕರೆಯುತ್ತಿದ್ದರು. ಅಂದು ಅಂಕಮ್ಮ ಎಂಬ ಹುಡುಗಿ ಹಳೆಯ ಹರಕು ಸೀರೆಯುಟ್ಟು ಎದ್ದು ನಿಲ್ಲುತ್ತಿದ್ದಳು. ವಲಸೆಯ ದಾರಿಯಲ್ಲಿ ತಂದೆಗೆ ಜ್ವರ ಬಂದದ್ದು, ನೀರು ಕೇಳಿದ್ದು, ಯಾರೂ ಬಾಗಿಲು ತೆರೆಯದಿದ್ದದ್ದು, ಮರದ ಕೆಳಗೆ ಅವನು ಸತ್ತದ್ದು, ಎಲ್ಲವನ್ನೂ ಹೇಳುತ್ತಿದ್ದಳು. ಹಿರಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಮರುದಿನ ಮೂಟೆಗಳು ಬಂದು ಇಳಿಯುತ್ತಿದ್ದವು.

ಅಂಕಮ್ಮ ಬೆಳೆದಳು. ಮನೆಯಲ್ಲಿ ಅವಳಷ್ಟು ಚೆನ್ನಾಗಿ ಕಲಿತವರು ಇರಲಿಲ್ಲ. ಒಂದು ವರ್ಷ ಹಿರಿಯರು ಬರುವ ಮುಂಚಿನ ದಿನ ಅವಳು ಸಿದ್ಧಾಂಬೆಯ ಮುಂದೆ ಬಂದು ನಿಂತಳು.

"ಅವ್ವಾ, ಈ ಸಲ ನಾನು ಹೇಳುವುದಿಲ್ಲ."

"ನೀನು ಹೇಳದಿದ್ದರೆ ಧಾನ್ಯ ಬರುವುದಿಲ್ಲ. ಚಿಕ್ಕವರು ಮತ್ತೆ ಚಿಪ್ಪು ಆರಿಸಲು ಹೋಗಬೇಕು. ಅದು ನಿನಗೆ ಬೇಕೇ?"

"ಬೇಡ. ಆದರೆ ನನ್ನ ಅಪ್ಪ ಒಂದೇ ಸಲ ಸತ್ತ. ಇಲ್ಲಿ ಪ್ರತಿ ವರ್ಷ ಸಾಯುತ್ತಾನೆ. ನನಗೆ ಏನಾಯಿತು ಎಂದು ಈ ಪಟ್ಟಣಕ್ಕೆಲ್ಲ ಗೊತ್ತು. ನನಗೆ ಏನು ಬರುತ್ತದೆ ಎಂದು ಒಬ್ಬರೂ ಕೇಳಿಲ್ಲ."

ಸಿದ್ಧಾಂಬೆಗೆ ಸಿಟ್ಟು ಬಂತು. "ನಾವು ಕಲಿಸಿದ ಮಾತಿನಲ್ಲೇ ನಮಗೆ ತಿರುಗಿ ಹೇಳುತ್ತೀಯಾ?" ಎಂದಳು. ಹುಡುಗಿ ತಲೆ ತಗ್ಗಿಸಲಿಲ್ಲ. ಅಂದು ಸಿದ್ಧಾಂಬೆಗೆ ಅನ್ನ ಸೇರಲಿಲ್ಲ. ಗೆಳತಿಯರು, "ಇನ್ನೊಬ್ಬಳನ್ನು ನಿಲ್ಲಿಸಿದರಾಯಿತು" ಎಂದರು.

ಮರುದಿನ ಹಿರಿಯರು ಬಂದು ಕುಳಿತರು. ಇನ್ನೊಬ್ಬಳು ಸಿದ್ಧವಾಗಿದ್ದಳು. ತೀರ ಚಿಕ್ಕವಳು. ಅಂಕಮ್ಮ ಉಡುತ್ತಿದ್ದ ಸೀರೆಯನ್ನೇ ಮಡಿಸಿ ಅವಳಿಗೆ ಸುತ್ತಿದ್ದರು. ಬಾಗಿಲ ಮರೆಯಲ್ಲಿ ನಿಂತು ಅವಳು ತನ್ನ ತಾಯಿಯ ಕಾಯಿಲೆಯನ್ನು ಬಾಯಿಪಾಠ ಮಾಡುತ್ತಿದ್ದಳು. ಎಲ್ಲಿ ಅಳಬೇಕೋ ಅಲ್ಲಿ ನಿಲ್ಲಿಸಿ, ಮತ್ತೆ ಮೊದಲಿನಿಂದ ಹೇಳಿಕೊಳ್ಳುತ್ತಿದ್ದಳು.

ಸಿದ್ಧಾಂಬೆ ಅದನ್ನು ಕೇಳಿದಳು. ಮಗುವಿನ ಹತ್ತಿರ ಹೋಗಿ, ಹೆಗಲ ಮೇಲಿನ ಹರಕು ಸೆರಗನ್ನು ತೆಗೆದಳು. "ಹೋಗು, ನಿನ್ನ ಬಟ್ಟೆ ಹಾಕಿಕೊಂಡು ಬಾ" ಎಂದಳು. ಆಮೇಲೆ ಸಭೆಯ ಮುಂದೆ ಬಂದು ಕೈಮುಗಿದಳು.

"ಈ ವರ್ಷ ಕತೆ ಇಲ್ಲ. ಈ ಮಕ್ಕಳಿಗೆ ಏನು ಬರುತ್ತದೆ ಎಂದು ನೀವೇ ಕೇಳಿ."

ಸಭೆ ಗಲಿಬಿಲಿಯಾಯಿತು. ಕೆಲವರು ಮೇಲುವಸ್ತ್ರ ಕೊಡವಿಕೊಂಡು ಎದ್ದು ಹೋದರು. ಉಳಿದವರಲ್ಲಿ ಒಬ್ಬ ಹಡಗಿನ ಯಜಮಾನನಿದ್ದ. ಅವನು ಹುಡುಗಿಯರನ್ನು ಅರ್ಧ ತಮಾಷೆಗೆ ಕೇಳಿದ. "ನನ್ನ ಹಡಗಿಗೆ ನಿಮ್ಮ ಸೀಮೆಯ ಆಳುಗಳು ಬಂದಿದ್ದಾರೆ. ಅವರು ಕೆಲಸ ಬಿಟ್ಟು ಕುಳಿತಿದ್ದಾರೆ. ಏಕೆಂದು ನನಗೆ ತಿಳಿಯದು. ನೀವು ಯಾರಾದರೂ ಕೇಳಿ ಹೇಳಬಲ್ಲಿರಾ?"

"ನಾನು ಬರುತ್ತೇನೆ" ಎಂದಳು ಅಂಕಮ್ಮ.

ಅವಳು ಹೋದಳು. ಆಳುಗಳ ಮಾತು ಯಜಮಾನನಿಗೆ, ಯಜಮಾನನ ಮಾತು ಆಳುಗಳಿಗೆ ತಿಳಿಸಿದಳು. ಅವರಲ್ಲಿ ಒಬ್ಬನಿಗೆ ಜ್ವರವಿತ್ತು. ಅವನನ್ನು ಬಿಟ್ಟು ಹಡಗು ಹೊರಡುತ್ತದೆ ಎಂದು ಅವರು ಹೆದರಿದ್ದರು. ಯಜಮಾನ ವೈದ್ಯನನ್ನು ಕರೆಸಿದ. ಆ ಮನುಷ್ಯ ಬದುಕಿಕೊಂಡ. ಅವನು ಎದ್ದು ಕುಳಿತು ಗಂಜಿ ಕುಡಿಯುವುದನ್ನು ನೋಡುತ್ತ ಅಂಕಮ್ಮ ಬಹಳ ಹೊತ್ತು ಅಲ್ಲೇ ನಿಂತಿದ್ದಳು.

ಆ ವರ್ಷ ಮೂಟೆಗಳು ಕಡಿಮೆ ಬಂದವು. ಮನೆಯಲ್ಲಿ ಗಂಜಿ ತೆಳುವಾಯಿತು. ಆದರೂ ಒಬ್ಬ ಹುಡುಗಿಯೂ ಚಿಪ್ಪು ಆರಿಸಲು ಹಿಂದಿರುಗಲಿಲ್ಲ. ಬಂದರಿನವರು ಅಂಕಮ್ಮನನ್ನು ದುಭಾಷಿಯಾಗಿ ಇಟ್ಟುಕೊಂಡರು. ಮುಂದೆ ಅದೇ ಕೆಲಸಕ್ಕೆ ಇನ್ನೂ ಕೆಲವು ಹುಡುಗಿಯರು ಹೋದರು. ಪಟ್ಟಣದ ಹೆಂಗಸರು ತಮ್ಮ ಹೆಣ್ಣುಮಕ್ಕಳನ್ನೂ ಆ ಮನೆಗೆ ಕಳಿಸತೊಡಗಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ. "ಹಾಗಾದರೆ, ಕೊನೆಗೆ ಅವರಿಬ್ಬರ ನಡುವೆ ಕ್ಷಮೆ ಆಯಿತೇ?"

"ಆಯಿತು," ಎಂದರು ಗುರುಗಳು, "ಕ್ಷಮಿಸಿದವಳು ಹುಡುಗಿ."